ಮೂರು ದಿನದ ಹೊಗೆ

ಹೊನ್ನವಳ್ಳಿಯ ಮರುಳಸಿದ್ದಯ್ಯನಿಗೆ ಹೊಗೆ ಇರಲಿಲ್ಲ. ಅದೇ ಅವನಿಗೊಂದು ದೊಡ್ಡ ಕೊರಗಾಯಿತು. ಊರಿನಲ್ಲಿ ಹೊಲ ಇಲ್ಲದವರಿದ್ದರು, ಎತ್ತು ಇಲ್ಲದವರಿದ್ದರು, ಅವರೆಲ್ಲ ಹೇಗೋ ದಿನ ನೂಕುತ್ತಿದ್ದರು. ತನಗೆ ಹೊಗೆ ಇಲ್ಲವಲ್ಲ ಎಂದು ಅನ್ನದ ಮುಂದೆ ಕೂತು ನಿಟ್ಟುಸಿರು ಬಿಟ್ಟವನು ಇವನೊಬ್ಬನೇ. ಎಂಬತ್ತೈದನೇ ಇಸವಿಯ ಸಂಕ್ರಾಂತಿ ಕಳೆದ ಮಾರನೇ ವಾರ ಅದು. ಅವನ ಹೆಂಡತಿ ಸುವರ್ಣಮ್ಮ ಮುದ್ದೆ ಬಡಿಸಿ ಎದುರಿಗೆ ಕೂತಿದ್ದಳು. ಅವಳಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ.

ಸಂಗತಿ ಇಷ್ಟು. ಸರ್ಕಾರ ಒಂದು ಹೊಸ ಯೋಜನೆ ಹೊರಡಿಸಿತ್ತು. ಹೊಗೆ ಕಾರುವ ಸಣ್ಣ ಉದ್ದಿಮೆಗಳು ಹೊಗೆ ಕಡಿಮೆ ಮಾಡಬೇಕು, ಸೌದೆ ಉಳಿಸಬೇಕು. ಅದಕ್ಕೆ ಕೊಳವೆ ಇಟ್ಟ ಹೊಸ ನಮೂನೆಯ ಒಲೆ ಕಟ್ಟಿಕೊಂಡರೆ ಮುಕ್ಕಾಲು ಪಾಲು ಖರ್ಚು ಸರ್ಕಾರದ್ದು. ಇಟ್ಟಿಗೆ ಗೂಡಿನವರು, ಬೆಲ್ಲ ಕಾಯಿಸುವವರು, ಹೋಟೆಲಿನವರು, ಕೊಬ್ಬರಿ ಒಣಗಿಸುವವರು ಎಲ್ಲರೂ ಅರ್ಜಿ ಹಾಕಬಹುದು. ಶ್ರೀರಂಗಯ್ಯ ಅನ್ನುವ ಒಬ್ಬ ಅಧಿಕಾರಿ ಇದನ್ನೆಲ್ಲ ತಿಪಟೂರಿನ ಒಂದು ಸಭೆಯಲ್ಲಿ ಮೈಕು ಹಿಡಿದು ಹೇಳಿದ್ದ. ಮಾರ್ಚಿ ಮುಗಿಯುವುದರೊಳಗೆ ಅವನು ಹದಿನೈದು ಒಲೆ ಕಟ್ಟಿಸಿ ತೋರಿಸಬೇಕಿತ್ತು. ಬಂದಿದ್ದ ಅರ್ಜಿ ಮೂರೇ ಮೂರು. ಸರ್ಕಾರ ಇವತ್ತು ಒಲೆ ಕೊಟ್ಟು ನಾಳೆ ತೆರಿಗೆ ಕೇಳುತ್ತದೆ ಎಂದು ಮಿಕ್ಕವರೆಲ್ಲ ಸಭೆಯ ಕಾಫಿ ಕುಡಿದು ಎದ್ದು ಬಂದಿದ್ದರು. ಮರುಳಸಿದ್ದಯ್ಯ ಮಾತ್ರ ಕೊನೆವರೆಗೂ ಕೂತಿದ್ದು, ಅಧಿಕಾರಿಯ ಜೊತೆ ಜೀಪಿನವರೆಗೂ ನಡೆದು ಹೋಗಿ, ಅರ್ಜಿ ನಮೂನೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದ.

ಬಂದ ಮೇಲೆ ಹೊಳೆಯಿತು, ತಾವು ಕೊಬ್ಬರಿಗೆ ಹೊಗೆಯನ್ನೇ ಹಾಕುವುದಿಲ್ಲವಲ್ಲ ಎಂದು.

ಹಾಕುವುದಿಲ್ಲ ಅನ್ನುವುದೇ ಆ ಮನೆಯ ಬದುಕಾಗಿತ್ತು. ಆ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹನ್ನೊಂದು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಅಟ್ಟದ ಕೆಳಗೆ ಬೆಂಕಿ ಮಾಡಿ, ಹೊಗೆ ಕೊಟ್ಟು, ಎರಡು ತಿಂಗಳು ಮೊದಲೇ ಇಳಿಸಿಕೊಳ್ಳುತ್ತಾರೆ. ಆ ಕೊಬ್ಬರಿ ಮಾರುಕಟ್ಟೆಯಲ್ಲಿ ಹೋಗುತ್ತದೆ, ಆದರೆ ಹೋಗುವ ದರವೇ ಬೇರೆ. ಮರುಳಸಿದ್ದಯ್ಯನ ತಾಯಿ ಶಿವರುದ್ರಮ್ಮ ತಾನು ಸಾಯುವವರೆಗೂ ಅಟ್ಟದ ಕೆಳಗೆ ಬೀಡಿ ಹಚ್ಚಲೂ ಯಾರನ್ನೂ ಬಿಟ್ಟವಳಲ್ಲ. ಸೊಸೆಯಾಗಿ ಬಂದ ಸುವರ್ಣಮ್ಮನಿಗೆ ಅವಳು ಕೊಟ್ಟ ಆಸ್ತಿ ಅಂದರೆ ಆ ಅಟ್ಟವೇ. ಹನ್ನೆರಡು ಸಾವಿರ ಕಾಯಿಯನ್ನು ತಿಂಗಳಿಗೊಮ್ಮೆ ಮಗುಚಬೇಕು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೊದಮೊದಲು ನೀರು ಕುಲುಕುತ್ತದೆ, ಆಮೇಲೆ ಎರಡು ತಿಂಗಳು ಸದ್ದೇ ಇರುವುದಿಲ್ಲ, ಕೊನೆಗೆ ಉಂಡೆ ಬಿಟ್ಟುಕೊಂಡು ಗಡಗಡ ಅನ್ನುತ್ತದೆ. ಸದ್ದಿಲ್ಲದ ಆ ಎರಡು ತಿಂಗಳಲ್ಲೇ ಕಾಯಿ ಗೆಲ್ಲುವುದು ಇಲ್ಲವೇ ಕೆಡುವುದು. ಇಪ್ಪತ್ತೆರಡು ವರ್ಷದಿಂದ ಸುವರ್ಣಮ್ಮನ ಕಿವಿ ಅದೇ ಕೆಲಸ ಮಾಡಿಕೊಂಡು ಬಂದಿತ್ತು.

ಅದಕ್ಕೆ ತಕ್ಕ ಬೆಲೆಯೂ ಇತ್ತು. ತಿಪಟೂರಿನ ಮಂಡಿ ರೇವಣಸಿದ್ದಯ್ಯ ಇವರ ಮನೆಯ ಕೊಬ್ಬರಿಯನ್ನು ಬೇರೆ ಯಾರ ಚೀಲಕ್ಕೂ ಬೆರೆಸದೆ ನೇರ ದಿಲ್ಲಿಯ ಒಬ್ಬ ಸೇಟಿಗೆ ಕಳಿಸುತ್ತಿದ್ದ. ಆ ಸೇಟು ಅದನ್ನು ಅಲ್ಲಿ ಮದುವೆಗೆ, ದೇವರಿಗೆ ಎಂದು ಮಾರುತ್ತಿದ್ದ. ಹೊಗೆ ಸೋಕಿದ್ದು ಅವನಿಗೆ ಬೇಡ. ಆ ಒಂದು ಮಾತಿನ ಮೇಲೆ ಮನೆ ನಡೆದಿತ್ತು, ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಿತ್ತು, ಮರುಳಸಿದ್ದಯ್ಯನ ಇಸ್ತ್ರಿ ಪಂಚೆ, ಕೈಗಡಿಯಾರ, ಸಭೆ ಸಮಾರಂಭ ಎಲ್ಲ ಆಗಿತ್ತು. ಅಟ್ಟ ಹತ್ತುವ ಏಣಿಗೆ ಎಷ್ಟು ಮೆಟ್ಟಿಲು ಎಂದು ಕೇಳಿದ್ದರೆ ಮಾತ್ರ ಆತ ತಲೆ ಕೆರೆದುಕೊಳ್ಳಬೇಕಿತ್ತು.

"ಹೊಗೆ ಇಲ್ದೋರಿಗೆ ಹೊಗೆ ಕಮ್ಮಿ ಮಾಡಕ್ಕೆ ಯಾಕ್ರೀ ದುಡ್ಡು ಕೊಡ್ತಾರೆ?" ಎಂದಳು ಸುವರ್ಣಮ್ಮ.

"ಅದೇ ಕಣೇ ಅನ್ಯಾಯ! ಊರೆಲ್ಲ ಹೊಗೆ ಎಬ್ಬಿಸೋನಿಗೆ ಒಲೆ. ಸುಮ್ನಿರೋ ನನಗೆ ಏನೂ ಇಲ್ಲ."

ಇದು ನಿಜಕ್ಕೂ ಅನ್ಯಾಯವೇ ಇರಬಹುದು. ಆದರೆ ಮರುಳಸಿದ್ದಯ್ಯ ಅನ್ಯಾಯವನ್ನು ಸರಿಪಡಿಸಲು ಹೊರಟ ರೀತಿ ಬೇರೆ. ಎರಡು ದಿನ ಜಗಲಿಯ ಮೇಲೆ ಕೂತು ಯೋಚಿಸಿ, ಮೂರನೇ ದಿನ ತಿಪಟೂರಿಗೆ ಹೋಗಿ ಅರ್ಜಿ ಕೊಟ್ಟೇ ಬಂದ. ಒಲೆ ಅವನಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಶ್ರೀರಂಗಯ್ಯನ ಜೀಪು ತನ್ನ ಮನೆಯ ಮುಂದೆ ನಿಲ್ಲುವುದು, ಊರಿನವರು ಅದನ್ನು ನೋಡುವುದು. ಮುಕ್ಕಾಲು ಪಾಲು ಬಿಟ್ಟಿ ಅಂದ ಮೇಲೆ ಬಿಡುವ ಜಾಯಮಾನವೂ ಅಲ್ಲ.

ಶ್ರೀರಂಗಯ್ಯನಿಗೂ ಇಂಥವನೇ ಬೇಕಿತ್ತು. ನಿಜವಾಗಿ ಹೊಗೆ ಇದ್ದವನು ಅವನ ಬಾಗಿಲಿಗೆ ಬಂದು ಹಿಂದಕ್ಕೆ ಹೋಗಿ ಆಗಿತ್ತು. ಊರಾಚೆ ಹಟ್ಟಿಯ ಜುಂಜಯ್ಯ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತಿದ್ದ. ಅವನ ಗುಂಡಿ ಉರಿಯುವ ದಿನ ಹಟ್ಟಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹೊಲದ ಕಡೆ ಹೋಗಿಬಿಡುತ್ತಿದ್ದರು. ಅವನ ಕಣ್ಣು ಯಾವಾಗಲೂ ಕೆಂಪಗೆ ನೀರಾಡುತ್ತಿತ್ತು. ಅವನೂ ಯಾರದೋ ಮಾತು ಕೇಳಿ ಹೆಬ್ಬೆಟ್ಟು ಒತ್ತಿ ಅರ್ಜಿ ಹಾಕಿದ್ದ. ಘಟಕ ಅಂದರೆ ನಾಲ್ಕು ಗೋಡೆ, ಒಂದು ಸೂರು, ಬಾಗಿಲಿಗೆ ನಂಬರು ಇರಬೇಕು. ಗೋಮಾಳದ ಗುಂಡಿ ಘಟಕವಾಗುವುದಿಲ್ಲ ಎಂದು ಶ್ರೀರಂಗಯ್ಯ ವಾಪಸು ಕಳಿಸಿದ್ದ. ಸರ್ಕಾರದ ಲೆಕ್ಕದಲ್ಲಿ ಜುಂಜಯ್ಯನ ಹೊಗೆಗೆ ಮನೆ ಇರಲಿಲ್ಲ, ಮರುಳಸಿದ್ದಯ್ಯನ ಮನೆಗೆ ಹೊಗೆ ಇರಲಿಲ್ಲ. ಇವೆರಡರಲ್ಲಿ ಯಾವ ಕೊರತೆ ತುಂಬಿಸುವುದು ಸುಲಭ ಎಂದು ಶ್ರೀರಂಗಯ್ಯ ತೂಗಿ ನೋಡಿರಬೇಕು.

"ಸೋಮವಾರ ಪರಿಶೀಲನೆಗೆ ಬತ್ತಾರಂತೆ," ಎಂದು ಫೆಬ್ರವರಿಯ ಒಂದು ಶನಿವಾರ ಮರುಳಸಿದ್ದಯ್ಯ ಮನೆಯಲ್ಲಿ ಹೇಳಿದ. "ಕಾರ್ಡಿಟ್ಟು ಹೊಗೆ ಅಳೀತಾರಂತೆ. ಅಟ್ಟದಲ್ಲಿ ಕಾಯಿ ಇರ್ಬೇಕು, ಕೆಳಗೆ ಉರೀತಾ ಇರ್ಬೇಕು. ಒಂದೊತ್ತಿನ ಕೆಲ್ಸ ಕಣೇ."

ಸುವರ್ಣಮ್ಮ ಮೊರ ಕೆಳಗಿಟ್ಟಳು. "ಅಟ್ಟದಲ್ಲಿರೋದು ಎಂಟು ತಿಂಗಳ ಕಾಯಿ ಕಣ್ರೀ. ನೀರು ಈಗ ಇಂಗ್ತಾ ಐತೆ. ಈಗ ಕಾವು ತಾಗಿದ್ರೆ ಚಿಪ್ಪು ಬಿರೀತದೆ, ಗಾಳಿ ಒಳಕ್ಕೋಯ್ತದೆ, ತಿರುಳು ಕೆಂಪಾಯ್ತದೆ. ನಿಮ್ಮವ್ವ ಇದ್ದಿದ್ರೆ ಈ ಮಾತು ಆಡಕ್ಕೇ ಬುಡ್ತಿರ್ಲಿಲ್ಲ."

"ಬುಡು ಬುಡು, ಒಂದೊತ್ತಿನ ಹೊಗೆಗೆ ಏನೂ ಆಗಲ್ಲ."

"ಹಂಗಾದ್ರೆ ಆಳು ಕರ್ಸಿ, ಕಾಯೆಲ್ಲ ಇಳಿಸ್ಬುಡ್ತೀನಿ."

"ಇಳಿಸಿದ್ರೆ ಖಾಲಿ ಅಟ್ಟ ನೋಡಿ ಏನಂತಾರೆ? ಘಟಕ ಚಾಲ್ತಿಯಲ್ಲಿ ಇರ್ಬೇಕು ಅಂತ ನಮೂನೆಯಲ್ಲೇ ಬರೆದೈತೆ. ಓದಿದೀಯಾ ನೀನು?"

ಅವಳು ಓದಿರಲಿಲ್ಲ. ಅವನು ಓದಿದ್ದ. ಓದಿದವನ ಮಾತು ಗೆದ್ದಿತು. ಅವಳು ಸಿಟ್ಟಿನಿಂದ ಏಣಿ ಹತ್ತಿ, ಒಲೆ ಹಾಕುವ ಜಾಗದ ನೇರ ಮೇಲಿದ್ದ ಕಾಯಿಗಳನ್ನು ಭಾನುವಾರವೆಲ್ಲ ಆಚೆ ಮೂಲೆಗೆ ಸರಿಸಿದಳು. ಒಬ್ಬಳೇ ಎಷ್ಟು ಸರಿಸಿಯಾಳು. ಸಂಜೆ ಹೊತ್ತಿಗೆ ಬೆನ್ನು ಹಿಡಿದುಕೊಂಡು ಇಳಿದಾಗ ಇನ್ನೂ ನಾಲ್ಕು ಸಾವಿರ ಕಾಯಿ ಅಲ್ಲೇ ಇದ್ದವು.

ಸೋಮವಾರ ಬೆಳಗ್ಗೆ ಇನ್ನೊಂದು ಕಷ್ಟ ಬಂತು. ಮರುಳಸಿದ್ದಯ್ಯನಿಗೆ ಹೊಗೆ ಎಬ್ಬಿಸುವುದು ಗೊತ್ತಿರಲಿಲ್ಲ. ಒಣ ಸಿಪ್ಪೆ ಹಾಕಿ ಕಡ್ಡಿ ಗೀರಿದ, ಧಗ್ಗನೆ ಉರಿದು ಬೂದಿಯಾಯಿತು. ಹೊಗೆ ಅನ್ನುವುದು ಬೀಡಿಯಷ್ಟೂ ಬರಲಿಲ್ಲ. ಕೊನೆಗೆ ಜುಂಜಯ್ಯನಿಗೆ ಹೇಳಿಕಳಿಸಿದ. ಹೊಗೆಗೆ ಒಲೆ ಕೇಳಿ ಇಲ್ಲ ಅನ್ನಿಸಿಕೊಂಡವನು, ಹೊಗೆ ಇಲ್ಲದವನಿಗೆ ಒಲೆ ಕೊಡಿಸಲು ಹೊಗೆ ಮಾಡಿಕೊಡಬೇಕಾಗಿ ಬಂತು. ಜುಂಜಯ್ಯ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದು, ಅಟ್ಟವನ್ನೊಮ್ಮೆ, ಕೆಳಗಿನ ಗುಡಿಸಿದ ನೆಲವನ್ನೊಮ್ಮೆ ನೋಡಿದ.

"ಹಸಿ ಸಿಪ್ಪೆ ನೀರಲ್ಲಿ ಅದ್ದಿ ಹಾಕ್ಬೇಕು ಯಜಮಾನ್ರೇ, ಒಳಗೆ ಒಂದಿಷ್ಟು ಚಿಪ್ಪಿನ ಕೆಂಡ. ಹೊಗೆಗೇನು, ಎಷ್ಟು ಬೇಕಾದ್ರೂ ಬತ್ತದೆ. ಆದ್ರೆ ಕಾವು ಮ್ಯಾಕೋಯ್ತದೆ. ಈ ಕಾಯಿ ತಡೆಯಾಕಿಲ್ಲ."

"ನಿನ್ನ ಕೇಳಿದ್ದು ಹೊಗೆ ಕಣ್ಲಾ, ಬುದ್ಧಿವಾದ ಅಲ್ಲ."

ಜುಂಜಯ್ಯ ಸುವರ್ಣಮ್ಮನ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಕೂತು ಕೆಂಡ ಹರಡಿ, ನೆನೆದ ಸಿಪ್ಪೆ ಒಟ್ಟಿದ. ಗಳಿಗೆಯಲ್ಲಿ ಬಿಳಿಯ, ಆಮೇಲೆ ಹಳದಿಯ, ಆಮೇಲೆ ಕಪ್ಪನೆಯ ಹೊಗೆ ಎದ್ದು ಹೆಂಚಿನ ಸಂದಿಯಿಂದ ಆಚೆ ನುಗ್ಗಿತು. ಬಸ್ಸಿಗೆ ನಿಂತಿದ್ದ ಜನ ಮನೆಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದರು. ಮರುಳಸಿದ್ದಯ್ಯ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಕೆಮ್ಮಿದ.

ಶ್ರೀರಂಗಯ್ಯ ಬರಲಿಲ್ಲ. ಮಧ್ಯಾಹ್ನ ಆಯಿತು, ಸಂಜೆ ಆಯಿತು, ಜೀಪಿನ ಸದ್ದಿಲ್ಲ. ಟಯರು ಕೈಕೊಟ್ಟಿದೆ, ನಾಳೆ ಖಂಡಿತ ಎಂದು ಬಸ್ಸಿನ ಕಂಡಕ್ಟರನ ಕೈಲಿ ಚೀಟಿ ಬಂತು. ಮಂಗಳವಾರ ಯಾವುದೋ ಮೀಟಿಂಗು. ಆರಿಸಿಬಿಡೋಣ, ಬಂದಾಗ ಮತ್ತೆ ಹಚ್ಚಿದರಾಯಿತು ಎಂದು ಸುವರ್ಣಮ್ಮ ಕೈ ಹಿಡಿದು ಕೇಳಿದಳು. ಜೀಪು ಯಾವ ಗಳಿಗೆಯಲ್ಲಿ ಬರುತ್ತದೋ, ಬಂದಾಗ ಹೊಗೆ ಇಲ್ಲದಿದ್ದರೆ ಮಾನ ಹೋಗುತ್ತದೆ ಎಂದು ಅವನು ಕೇಳಲಿಲ್ಲ. ಮಂಗಳವಾರ ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಮೊದಲ ಸದ್ದು ಕೇಳಿತು. ಚಟ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಸಿಪ್ಪೆಯೊಳಗೆ ಚಿಪ್ಪು ಬಿರಿಯುವ ಸದ್ದು ಅಷ್ಟೇನೂ ದೊಡ್ಡದಲ್ಲ, ಮರುಳಸಿದ್ದಯ್ಯನಿಗೆ ಕೇಳಿಸಲೂ ಇಲ್ಲ. ಅವಳಿಗೆ ಕೈಯಲ್ಲಿದ್ದ ಬೂದಿ ಒಣಗುವವರೆಗೂ ಅಲ್ಲಿಂದ ಏಳಲಾಗಲಿಲ್ಲ. ಎಂಟು ತಿಂಗಳು ಮಗುಚಿ ಮಗುಚಿ ಇಟ್ಟ ಕಾಯಿ ಅವು.

ಬುಧವಾರ ಸಂಜೆ ನಾಲ್ಕೂವರೆಗೆ ಜೀಪು ಬಂತು. ಶ್ರೀರಂಗಯ್ಯ ಕರ್ಚೀಫು ಮೂಗಿಗೆ ಹಿಡಿದು ಇಳಿದು, ಬ್ಯಾಗಿನಿಂದ ಒಂದು ಕಾರ್ಡು ತೆಗೆದ. ಅದರ ಮೇಲೆ ಬಿಳುಪಿನಿಂದ ಕಪ್ಪಿನವರೆಗೆ, ಒಂದರಿಂದ ಐದು ನಂಬರು ಹಾಕಿದ ಐದು ಚೌಕ ಇದ್ದವು. ಅದನ್ನು ತೋಳು ಚಾಚಿ ಹೊಗೆಯ ಎದುರಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಯಾವ ಚೌಕಕ್ಕೆ ಹೊಗೆಯ ಬಣ್ಣ ಹೊಂದುತ್ತದೆ ಎಂದು ನೋಡಿದ. ಸೀರೆಗೆ ರವಿಕೆ ಬಟ್ಟೆ ಹೊಂದಿಸುವವರ ಹಾಗೆ ಎರಡೆರಡು ಸಲ ನೋಡಿದ.

"ನಾಲ್ಕು!" ಎಂದ. ಅವನ ದನಿಯಲ್ಲಿ ನಿಜವಾದ ಸಂತೋಷ ಇತ್ತು. "ಇಟ್ಟಿಗೆ ಗೂಡಿಗೂ ಮೂರೇ ಬಂದಿರೋದು ಮರುಳಸಿದ್ದಯ್ಯನೋರೇ. ನಿಮ್ಮದು ನಾಲ್ಕು!"

ಮರುಳಸಿದ್ದಯ್ಯ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದ ಹುಡುಗನ ಹಾಗೆ ನಕ್ಕ. ಜಗಲಿಯ ಮೇಲೆ ಕೂತು ನಮೂನೆ ತುಂಬಿದರು. ಎಷ್ಟು ವರ್ಷದಿಂದ ಹೊಗೆ ಹಾಕುತ್ತಿದ್ದೀರಿ ಎಂದು ಕೇಳಿದರೆ, "ಮೂವತ್ತು ವರ್ಷ ಆಯ್ತು ಸಾರ್, ನಮ್ಮವ್ವನ ಕಾಲದಿಂದ್ಲೂ," ಎಂದ. ವರ್ಷಕ್ಕೆ ಸೌದೆ ಎಷ್ಟು? "ಹನ್ನೆರಡು ಗಾಡಿ ಬರ್ಕೊಳಿ." ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ ಸುವರ್ಣಮ್ಮನಿಗೆ ಎರಡೂ ಕೇಳಿಸಿತು. ಬದುಕಿದ್ದಾಗ ಅಟ್ಟದ ಕೆಳಗೆ ಬೀಡಿ ಹಚ್ಚಲು ಬಿಡದ ಅತ್ತೆಯ ಬಾಯಿಗೆ, ಸತ್ತು ಒಂಬತ್ತು ವರ್ಷವಾದ ಮೇಲೆ, ಹೆತ್ತ ಮಗನೇ ಹನ್ನೆರಡು ಗಾಡಿ ಸೌದೆ ತುರುಕಿದ. ಅವಳಿಗೆ ಅಸಹ್ಯವಾಯಿತು. ಕಾಫಿ ಲೋಟ ಜಗಲಿಯ ಅಂಚಿಗೆ ಇಟ್ಟು ಒಳಗೆ ಹೋದಳು.

ಏಪ್ರಿಲ್ ಹೊತ್ತಿಗೆ ಅಟ್ಟದ ಕೆಳಗೆ ಒಲೆ ಎದ್ದಿತು. ಸಿಮೆಂಟು ಮೆತ್ತಿದ ಇಟ್ಟಿಗೆ, ಕಬ್ಬಿಣದ ಬಾಗಿಲು, ಹೆಂಚು ತೂರಿಕೊಂಡು ಆಕಾಶಕ್ಕೆ ಹೋದ ತಗಡಿನ ಕೊಳವೆ. ಅದನ್ನು ಯಾರೂ ಹಚ್ಚಲಿಲ್ಲ. ಹಚ್ಚಿದರೆ ಏಣಿಯನ್ನೇ ಮುರಿದು ಅದರೊಳಕ್ಕೆ ಹಾಕುತ್ತೇನೆ ಎಂದು ಸುವರ್ಣಮ್ಮ ಹೇಳಿದ್ದಳು, ಮರುಳಸಿದ್ದಯ್ಯನಿಗೂ ಹಚ್ಚುವ ಅಗತ್ಯ ಕಾಣಲಿಲ್ಲ. ಮೇ ತಿಂಗಳಲ್ಲಿ ಶ್ರೀರಂಗಯ್ಯ ಮತ್ತೆ ಬಂದು ಕಾರ್ಡು ಹಿಡಿದ. ಕೊಳವೆಯಿಂದ ಏನೂ ಬರುತ್ತಿರಲಿಲ್ಲ. ನಾಲ್ಕರಿಂದ ಸೊನ್ನೆ, ಹನ್ನೆರಡು ಗಾಡಿಯಿಂದ ಸೊನ್ನೆ. ಅಷ್ಟು ಪೂರ್ತಿ ಬರೆದರೆ ಮೇಲಿನವರು ನಂಬುವುದಿಲ್ಲ ಎಂದು ಪಾಪ ಶ್ರೀರಂಗಯ್ಯನೇ ಯೋಚಿಸಿ, ಒಂದು ಅಂತಲೂ ಎರಡು ಗಾಡಿ ಅಂತಲೂ ಬರೆದುಕೊಂಡ. ಆದರೂ ಇಡೀ ಜಿಲ್ಲೆಯಲ್ಲಿ ಅಷ್ಟು ಹೊಗೆ ತಗ್ಗಿಸಿದವನು, ಅಷ್ಟು ಸೌದೆ ಉಳಿಸಿದವನು ಇನ್ನೊಬ್ಬನಿರಲಿಲ್ಲ. ನಿಜವಾಗಿ ಒಲೆ ಹಚ್ಚಿ ನಿಜವಾಗಿ ಸೌದೆ ಉಳಿಸಿದ ಇಟ್ಟಿಗೆ ಗೂಡಿನವರು ಅವನ ಮುಂದೆ ಏನೇನೂ ಅಲ್ಲ.

ಸನ್ಮಾನ ಆಯಿತು. ತಿಪಟೂರಿನಲ್ಲಿ ಶಾಮಿಯಾನ ಹಾಕಿ ಅವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಚೌಕಟ್ಟು ಹಾಕಿಸಿದ ಪತ್ರವೊಂದನ್ನು ಕೈಗಿತ್ತರು. ಮಾದರಿ ಘಟಕ ಎಂದು ಹೆಸರಿಟ್ಟರು. ಅವನು ಮಾತಾಡಿ, ಮೊದಲು ನಮ್ಮ ಮನೆಯ ಹೊಗೆಯಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡ. ಮೂರನೇ ದಿನ ಜಿಲ್ಲೆಯ ಒಂದು ಪತ್ರಿಕೆಯಲ್ಲಿ ಫೋಟೋ ಬಂತು. 'ಮೂವತ್ತು ವರ್ಷಗಳಿಂದ ಹೊಗೆ ಹಾಕಿ ಕೊಬ್ಬರಿ ತಯಾರಿಸುತ್ತಿದ್ದ ಹೊನ್ನವಳ್ಳಿಯ ಪ್ರಗತಿಪರ ಬೆಳೆಗಾರ' ಎಂದು ಕೆಳಗೆ ಅಚ್ಚಾಗಿತ್ತು. ಅವನು ಏಳು ಪ್ರತಿ ಕೊಂಡು ತಂದ.

ಜೂನ್ ತಿಂಗಳಲ್ಲಿ ಕಾಯಿ ಇಳಿಸಿ ಸುಲಿದು ಒಡೆದರು. ಸುವರ್ಣಮ್ಮ ಊಹಿಸಿದ್ದೇ ಆಗಿತ್ತು. ಬೆಂಕಿಯ ಮೇಲಿದ್ದ ನಾಲ್ಕು ಸಾವಿರದಲ್ಲಿ ನೆಟ್ಟಗಿದ್ದದ್ದು ಹಿಡಿಯಷ್ಟು. ಮಿಕ್ಕದ್ದೆಲ್ಲ ಒಳಗೆ ಕೆಂಪಾಗಿ, ಬೂಷ್ಟು ಹಿಡಿದು, ಮುಗ್ಗಲು ನಾತ ಹೊಡೆಯುತ್ತಿತ್ತು. ಆದರೆ ಆಚೆ ಮೂಲೆಯ ಎಂಟು ಸಾವಿರ ಗೆದ್ದಿದ್ದವು. ಅವನ್ನು ಅವಳು ಬೇರೆ ಮಾಡಿ, ಒಂದೊಂದನ್ನೂ ಮೂಸಿ, ಅನುಮಾನ ಬಂದದ್ದನ್ನೆಲ್ಲ ಆಚೆಗೆಸೆದು, ತಾನೇ ಚೀಲಕ್ಕೆ ತುಂಬಿದಳು. ಮೂರರಲ್ಲಿ ಎರಡು ಪಾಲು ಉಳಿಯಿತಲ್ಲ, ಮಂಡಿಯ ಮಾತು ಉಳಿಯಿತಲ್ಲ ಎಂದು ಆ ಎರಡು ದಿನ ಅವಳಿಗೆ ಹೊಟ್ಟೆ ತಣ್ಣಗಿತ್ತು.

ಚೀಲ ತುಂಬಿಸಿಕೊಳ್ಳಲು ಲಾರಿ ಬರಬೇಕಾದ ದಿನ ಲಾರಿ ಬರಲಿಲ್ಲ. ರೇವಣಸಿದ್ದಯ್ಯನೇ ಬಸ್ಸಿನಲ್ಲಿ ಬಂದ. ಇಳಿವಯಸ್ಸಿನ ಮನುಷ್ಯ, ಮೂವತ್ತು ವರ್ಷದಲ್ಲಿ ಈ ಮನೆಯ ಜಗಲಿಯ ಮೇಲೆ ಕೂತದ್ದು ನಾಲ್ಕೈದು ಸಲ ಇರಬಹುದು. ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟು, ಒಂದು ಚೀಲದ ಬಾಯಿ ಬಿಚ್ಚಿ, ಕೊಬ್ಬರಿಯೊಂದನ್ನು ತೆಗೆದು ಎರಡು ಹೋಳು ಮಾಡಿದ. ಒಳಗೆ ಹಾಲಿನಷ್ಟು ಬಿಳುಪಿತ್ತು. ಮೂಸಿದ, ಚೂರು ಬಾಯಿಗೆ ಹಾಕಿಕೊಂಡ.

"ಕೊಬ್ಬರಿಗೆ ಏನೂ ಹೆಸರಿಡಂಗಿಲ್ಲ," ಎಂದ. ಆಮೇಲೆ ಜೇಬಿನಿಂದ ಮಡಿಸಿದ ಪೇಪರಿನ ತುಂಡು ತೆಗೆದು ಜಗಲಿಯ ಮೇಲೆ ಹರಡಿದ. "ಇದನ್ನ ಇನ್ನೊಂದು ಮಂಡಿಯೋರು ದಿಲ್ಲಿಗೆ ಪೋಸ್ಟು ಮಾಡವ್ರೆ, ಇಂಗ್ಲಿಷ್‌ನಲ್ಲಿ ಬರೆಸಿ. ಮೂವತ್ತು ವರ್ಷದಿಂದ ಹೊಗೆ ಕೊಬ್ಬರಿ ಕೊಟ್ಟು ಮೋಸ ಮಾಡಿದೀರಾ ಅಂತ ಸೇಟು ನನ್ನ ಕೇಳ್ತಾವ್ನೆ. ನಾನೇನ್ ಹೇಳ್ಲಿ ಮರುಳಸಿದ್ದಯ್ಯ? ಒಂದೋ ನೀನು ನಂಗೆ ಸುಳ್ಳು ಹೇಳಿದೀಯ, ಇಲ್ಲಾ ಸರ್ಕಾರಕ್ಕೆ ಹೇಳಿದೀಯ."

ಮರುಳಸಿದ್ದಯ್ಯ ಫೋಟೋ ನೋಡಿದ. ಅದರಲ್ಲಿ ಅವನೇ ಶಾಲು ಹೊದ್ದು ನಿಂತಿದ್ದ.

"ಹೆದರ್ಕಬೇಡ," ಎಂದ ರೇವಣಸಿದ್ದಯ್ಯ. "ಮೂವತ್ತು ವರ್ಷದಲ್ಲಿ ಒಂದ್ ದಿನಾನೂ ಹೊಗೆ ಹಾಕಿರ್ಲಿಲ್ಲ, ಸರ್ಕಾರಕ್ಕೆ ಹೇಳಿದ್ದು ಸುಳ್ಳು ಅಂತ ಒಂದು ಗೆರೆ ಬರ್ದು ರುಜು ಹಾಕು. ನಾನು ಸೇಟಿನ ಕಾಲಿಗೆ ಬಿದ್ದಾದ್ರೂ ಒಪ್ಪಿಸ್ತೀನಿ. ಆ ಒಲೆ ದುಡ್ಡು ವಾಪಸ್ ಕೇಳಿದ್ರೆ ನಾನೇ ಕಟ್ತೀನಿ."

ಸುವರ್ಣಮ್ಮ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಅವಳ ಪ್ರಾಣವೆಲ್ಲ ಆ ಗೆರೆಯ ಮೇಲಿತ್ತು. ಬರೆಯುತ್ತಾರೆ, ಇನ್ನೇನು ಪೆನ್ನು ತೆಗೆಯುತ್ತಾರೆ ಎಂದುಕೊಂಡಳು. ಮರುಳಸಿದ್ದಯ್ಯ ಗೋಡೆಯ ಕಡೆ ತಿರುಗಿದ. ಅಲ್ಲಿ ಮಾದರಿ ಘಟಕದ ಪತ್ರ ತೂಗುತ್ತಿತ್ತು. ಮುಂದಿನ ತಿಂಗಳು ಅವನನ್ನು ಯಾವುದೋ ಸಲಹಾ ಸಮಿತಿಗೆ ಸೇರಿಸಿಕೊಳ್ಳುವ ಮಾತೂ ಇತ್ತು.

"ಸರ್ಕಾರಕ್ಕೆ ಸುಳ್ಳು ಹೇಳೋ ಮನುಷ್ಯ ಅಲ್ಲ ನಾನು," ಎಂದ. "ಅಟ್ಟದ ಕೆಲ್ಸ ಎಲ್ಲಾ ಇವಳ್ದೇ. ನಾನು ಆ ಕಡೆ ಹೋದೋನೇ ಅಲ್ಲ. ಇವಳು ಹೊಗೆ ಹಾಕ್ತಿದ್ಲು, ನಮ್ಮವ್ವನೂ ಹಾಕ್ತಿದ್ಲು. ನಂಗೇ ಈಚೆಗೆ ಗೊತ್ತಾಗಿದ್ದು. ಗೊತ್ತಾದ್ಮೇಲೆ ಒಲೆ ಕಟ್ಸಿ ನಿಲ್ಲಿಸಿದೀನಿ."

ಸುವರ್ಣಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಅವಳಿಗೆ ಅಳು ಬರಲಿಲ್ಲ. ಮನುಷ್ಯನೊಬ್ಬ ಇಷ್ಟು ಸಣ್ಣವನಾಗಲು ಸಾಧ್ಯವಾ ಎಂದು ಬೆರಗಾಯಿತು. ಗಂಡನ ಮುಂದೆ, ಪರವೂರಿನ ಗಂಡಸಿನ ಮುಂದೆ ಎಂದೂ ದನಿ ಎತ್ತದವಳು ಜಗಲಿಗೆ ಬಂದಳು.

"ನನ್ನ ಕೈಯಾರೆ ಒಂದ್ ಕಡ್ಡಿ ಗೀರಿಲ್ಲ ಕಣ್ರೀ ರೇವಣಸಿದ್ದಯ್ಯನೋರೇ. ಹೊಗೆ ಹಾಕಿದ್ದು ಮೂರೇ ದಿನ, ಹಾಕಿಸಿದ್ದು ಇವ್ರು, ಜೀಪಿಗೆ ತೋರ್ಸಕ್ಕೆ. ಕೆಟ್ಟ ನಾಲ್ಕು ಸಾವಿರ ಕೊಬ್ಬರಿ ಹಿತ್ತಿಲಲ್ಲಿ ಬಿದ್ದೈತೆ, ಬೇಕಾದ್ರೆ ನೋಡಿ. ಚೀಲದಲ್ಲಿರೋದು ನನ್ನದು."

"ಗೊತ್ತು ತಾಯಿ," ಎಂದ ಮುದುಕ. "ನಾಲಿಗೆಗೆ ಗೊತ್ತಾಗಲ್ವಾ. ಆದ್ರೆ ನನ್ನ ನಾಲಿಗೆ ದಿಲ್ಲಿಗೆ ಹೋಗಲ್ಲ. ಸರ್ಕಾರದ ಮೊಹರಿರೋ ಮಾತು ಅಲ್ಲಿಗೆ ಹೋಗ್ಬುಟ್ಟೈತೆ, ಅದನ್ನ ಆಡಿದೋನೇ ವಾಪಸ್ ತಗಬೇಕು. ಈಗ ಹೊಗೆ ಕೊಬ್ಬರಿ ದರಕ್ಕೇ ನಾನು ತಗಳಕ್ಕಾಗೋದು."

ಮರುಳಸಿದ್ದಯ್ಯ ಆ ದರಕ್ಕೂ ಒಪ್ಪಿದ. ಒಪ್ಪುವಾಗ ತಾನೇನೋ ದೊಡ್ಡ ಮನಸ್ಸು ಮಾಡಿದೆ ಅನ್ನುವ ಹಾಗೆ ತಲೆಯಾಡಿಸಿದ.

ಮಾರನೇ ಬೆಳಗ್ಗೆ ಸುವರ್ಣಮ್ಮ ಒಂದು ಟ್ರಂಕು ಹಿಡಿದು ಹಂದನಕೆರೆಯ ಬಸ್ಸು ಹತ್ತಿದಳು. ಅಲ್ಲಿ ಅವಳ ಅಣ್ಣ ವೀರಭದ್ರಯ್ಯ ಇದ್ದ. ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆ ಎಂದು ಅಪ್ಪ ಅವಳ ಹೆಸರಿಗೆ ಬರೆದಿದ್ದ ಎಂಬತ್ತು ತೆಂಗಿನ ಮರ ಇದ್ದವು. ಇಷ್ಟು ವರ್ಷ ಅದರ ಕಾಯಿ ಅಣ್ಣನೇ ಕೆಡವಿ ಮಾರಿ ಹಬ್ಬಕ್ಕೊಂದು ಸೀರೆ ಕಳಿಸುತ್ತಿದ್ದ. ಅವಳು ಸೀರೆ ಬೇಡ, ಅಟ್ಟ ಕೊಡು ಎಂದಳು. ಅವನು ಅಟ್ಟ ಖಾಲಿ ಮಾಡಿಸಿದ. ಆ ಬೇಸಗೆಯ ಕಾಯಿ ಏರಿಸಿದಳು. ರೇವಣಸಿದ್ದಯ್ಯನಿಗೆ ಕಾಗದ ಬರೆಸಿದಳು. ಹೊಸ ಹೆಸರಿನ ಹೊಸ ಮಾಲು, ಒಂದೆರಡು ಚೀಲ ಮೊದಲು ನೋಡೋಣ ಎಂದು ಅವನ ಉತ್ತರವೂ ಬಂತು.

ಹೊನ್ನವಳ್ಳಿಯ ಸುದ್ದಿ ಅವರಿವರ ಬಾಯಲ್ಲಿ ಬರುತ್ತಿತ್ತು. ಮರುಳಸಿದ್ದಯ್ಯ ಆ ವರ್ಷದ ಕಾಯಿಯನ್ನು ಅಟ್ಟಕ್ಕೇರಿಸಲಿಲ್ಲ, ಏರಿಸಿದರೆ ಮಗುಚುವವರು ಯಾರು, ಹಸಿಯಾಗಿಯೇ ಮಾರಿದ ಎಂದು ತಿಳಿಯಿತು. ಹೋದ ಮೊದಲ ತಿಂಗಳು ಅವನು ಬರಬಹುದು ಎಂದು ಅವಳು ಬಸ್ಸಿನ ಸದ್ದಿಗೆ ಕಿವಿ ಕೊಟ್ಟದ್ದೂ ಉಂಟು. ಸುಳ್ಳು ಯಾಕೆ, ಎರಡನೇ ತಿಂಗಳೂ ಕೊಟ್ಟಳು.

ದೀಪಾವಳಿ ಕಳೆದ ಒಂದು ಮಧ್ಯಾಹ್ನ ಅವನು ಬಂದೇ ಬಂದ. ಕಾಲರು ಕೊಳೆಯಾಗಿತ್ತು, ಮೈ ಇಳಿದಿತ್ತು. ಅಟ್ಟದ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ. ಸುವರ್ಣಮ್ಮ ಕಾಯಿ ಮಗುಚುತ್ತಿದ್ದವಳು ಇಳಿದು ಬಂದು, ಕಾಲಿಗೆ ನೀರು ಕೊಟ್ಟು, ತಟ್ಟೆ ಹಾಕಿದಳು. ಅವನು ಎರಡು ಮುದ್ದೆ ಉಂಡ. ಅವಳ ಮನಸ್ಸು ಮೆತ್ತಗಾಗತೊಡಗಿತು. ಇಪ್ಪತ್ತೆರಡು ವರ್ಷ ಅಂದರೆ ಸುಮ್ಮನೆಯಲ್ಲ.

ಕೈ ತೊಳೆದು ಬಂದು ಕೂತು ಅವನು ಬಾಯಿ ಬಿಟ್ಟ. "ಗುರುವಾರ ಬೇರೆ ಜಿಲ್ಲೆಯಿಂದ ವ್ಯಾನಲ್ಲಿ ಜನ ಬತ್ತಾವ್ರೆ ಕಣೇ, ಮಾದರಿ ಘಟಕ ನೋಡಕ್ಕೆ. ಶ್ರೀರಂಗಯ್ಯನೋರು ಭಾರಿ ಒತ್ತಾಯ ಮಾಡ್ತಾವ್ರೆ. ಅಟ್ಟ ಖಾಲಿ ಇದ್ರೆ ಚೆನ್ನಾಗಿರಲ್ಲ. ಒಂದು ಸಾವಿರ ಕಾಯಿ ಎರಡ್ ದಿನದ ಮಟ್ಟಿಗೆ ಗಾಡೀಲಿ ಕಳ್ಸು. ಶುಕ್ರವಾರವೇ ವಾಪಸ್ ಕಳಿಸ್ಬುಡ್ತೀನಿ."

ಅವಳಿಗೆ ನಗು ಬಂತು, ನಕ್ಕುಬಿಟ್ಟಳು. ಅಂದು ಜುಂಜಯ್ಯನ ಹೊಗೆ ಎರವಲು, ಇಂದು ತನ್ನ ಕಾಯಿ. ಈ ಮನುಷ್ಯನ ಮಾದರಿ ಘಟಕದಲ್ಲಿ ಅವನದು ಅಂತ ಇದ್ದದ್ದು ಆ ಶಾಲು ಒಂದೇ. ನಗು ನಿಂತ ಮೇಲೆ ಅವಳು ಅವನ ಎದುರಿಗೆ ಕೂತಳು.

"ಕಾಯಿ ಕೊಡ್ತೀನಿ," ಎಂದಳು. "ಸಾವಿರ ಅಲ್ಲ, ಇರೋದೆಲ್ಲ ಕೊಡ್ತೀನಿ. ನಾನೂ ಜೊತೇಲೇ ಬತ್ತೀನಿ, ಬಂದು ಮೊದ್ಲಿನಂಗೆ ಅಟ್ಟ ನೋಡ್ಕತೀನಿ. ಬರೋ ದಾರೀಲಿ ತಿಪಟೂರಲ್ಲಿ ಇಳಿಯೋಣ. ರೇವಣಸಿದ್ದಯ್ಯನೋರ ಮುಂದೆ ಕೂತು ಆ ಒಂದ್ ಗೆರೆ ಬರ್ದು ಕೊಡಿ. ನನ್ನ ಹೆಂಡ್ತಿ ಹೊಗೆ ಹಾಕಿರ್ಲಿಲ್ಲ ಅಂತ. ಅಷ್ಟೇ ಕಣ್ರೀ ನಾನು ಕೇಳೋದು, ಬ್ಯಾರೆ ಏನೂ ಬ್ಯಾಡ."

ಮರುಳಸಿದ್ದಯ್ಯ ನೆಲ ನೋಡುತ್ತ ಕೂತ. ಸುವರ್ಣಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ತುಟಿ ಒಂದೆರಡು ಸಲ ಅಲ್ಲಾಡಿತು. ಅವನು ತೋಳು ಮೇಲೆತ್ತಿ ಕೈಗಡಿಯಾರ ನೋಡಿಕೊಂಡ.

"ತಿಪಟೂರ್ ಬಸ್ ಎಷ್ಟೊತ್ತಿಗೆ? ನಾನ್ ಹೊರಡ್ತೀನಿ," ಎಂದ.

"ನಾಲ್ಕೂವರೆಗೆ," ಎಂದು ಹೇಳಿ ಸುವರ್ಣಮ್ಮ ಎದ್ದು, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಕಾಯಿ ಮಗುಚಲು ಏಣಿ ಹತ್ತಿದಳು.